ಹತ್ತೊಂಬತ್ತನೆಯ ಮನೆ

ಮೇಜಿನ ಮೇಲಿದ್ದ ಫೋನಿನೊಳಗಿಂದ ಬರುತ್ತಿದ್ದ ದನಿ ತನ್ನದೇ ಎಂದು ಒಪ್ಪಿಕೊಳ್ಳಲು ನಫ್ತಾಲಿಗೆ ಕಷ್ಟವಾಗುತ್ತಿತ್ತು. ಇಷ್ಟೊಂದು ಉಲ್ಲಾಸ ತನ್ನೊಳಗೆ ಎಲ್ಲಿ ಅಡಗಿತ್ತು? ಮದುವೆ ಚಪ್ಪರದ ಕೆಳಗೆ ಹೊಟ್ಟೆ ತುಂಬ ಉಂಡು ನಿಂತವನ ಹಾಗೆ ಆ ದನಿ, ಹಿರಿಯ ಹೆಂಗಸರಾದರೆ ಮಾಮಾ, ಹಿರಿಯ ಗಂಡಸರಾದರೆ ಬಪಾ ಎಂದು ಮರ್ಯಾದೆಯಿಂದ ಒಬ್ಬೊಬ್ಬರನ್ನೇ ಕರೆಯುತ್ತಿತ್ತು. ಇಗೋ ನೋಡಿ, ಮಾಮಾ ಯಾಕೊಮಿನಾ, ಬೆಳಗಿನ ಮೀನು ಮಾರಿ ಕೈ ಕೂಡ ತೊಳೀದೆ ಬಂದಿದಾಳೆ. ಇವರು ನಮ್ಮ ಚರ್ಚ್ ಸಭೆಯ ಹಿರಿಯರು ಬಪಾ ಓಬಜ, ಮಂಡಿನೋವಿದ್ರೂ ಚಾಪೆ ಮೇಲೆ ಕೂತಿದಾರೆ. ಹಾಡೋರ ಮುಂದಾಳು ಎಲ್ಕಾನಾ, ಗಂಟಲು ಕಟ್ಟಿದೆ ಪಾಪ, ಆದ್ರೂ ಬಿಡ್ತಿಲ್ಲ. ಹಿಂದೆ ಹಾಡು, ಹಾಡಿನ ಹಿಂದೆ ಸಮುದ್ರ. ಪ್ರತಿ ಹೆಸರಿಗೂ ಸೈನ್ಯದ ಕ್ಯಾಪ್ಟನ್ನನ ಬೆರಳು ಪರದೆಯನ್ನು ಮುಟ್ಟುತ್ತಿತ್ತು, ದನಿ ನಿಲ್ಲುತ್ತಿತ್ತು, ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ನಿಂತಾಗೆಲ್ಲ ಪರದೆಯ ಮೇಲೆ ಯಾರದೋ ಬಾಯಿ ಅರ್ಧ ತೆರೆದು ಹಾಗೇ ಉಳಿಯುತ್ತಿತ್ತು, ಅಡಿಕೆಯಿಂದ ಕೆಂಪಾದ ಹಲ್ಲುಗಳ ಸಮೇತ. ತನ್ನನ್ನು ಯಾರೋ ಹಿಡಿದು ನಿಲ್ಲಿಸಿದ್ದಾರೆಂದು ಗೊತ್ತಿಲ್ಲದ ಬಾಯಿ.

"ಹನ್ನೊಂದು," ಎಂದ ಕ್ಯಾಪ್ಟನ್, ಪೆನ್ನಿನ ಮುಚ್ಚಳ ಹಾಕುತ್ತ. "ಅರ್ಧ ಕೆಲಸ ನೀವೇ ಮಾಡಿಕೊಟ್ಟಿದೀರಿ ಬಪಾ. ಕಾಫಿ ತಗೊಳ್ಳಿ, ಆರೋಗುತ್ತೆ."

ಕಾಫಿ ಕುಡಿಯುವುದು ಅಷ್ಟು ಸುಲಭವಿರಲಿಲ್ಲ. ನಿನ್ನೆ ಮಧ್ಯಾಹ್ನ ಇಲ್ಲಿಗೆ ಕರೆತಂದಾಗ ಅವನ ಸೊಂಟದ ಬೆಲ್ಟು ಬಿಚ್ಚಿಕೊಂಡಿದ್ದರು; ಪ್ಯಾಂಟು ಸಡಿಲವಾಗಿ, ಎಡಗೈ ಸದಾ ಅದನ್ನು ಹಿಡಿದುಕೊಂಡೇ ಇರಬೇಕಾಗಿತ್ತು. ಬಲಗೈಯೊಂದರಿಂದಲೇ ಬಿಸಿ ಲೋಟ ಎತ್ತಿ ಬಾಯಿಗಿಡುವಾಗ ಕೈ ನಡುಗಿದರೆ ಭಯಕ್ಕೆ ನಡುಗಿತೆಂದು ತಿಳಿಯುತ್ತಾರೆ. ಅದು ಭಯವೇ ಇರಬಹುದು. ಬಯ್ಯಲಿಲ್ಲ, ಹೊಡೆಯಲಿಲ್ಲ. ತನಗಿಂತ ಹತ್ತು ವರ್ಷ ಚಿಕ್ಕವನಿರಬಹುದಾದ ಈ ಕ್ಯಾಪ್ಟನ್ ಪ್ರತಿ ಮಾತಿಗೂ ಬಪಾ ಅನ್ನುತ್ತಾನೆ. ಆದರೆ ಮೂತ್ರಕ್ಕೆ ಹೋಗಬೇಕೆಂದಾಗ ಪ್ಯಾಂಟು ಹಿಡಿದುಕೊಂಡು ಅಂಗಳ ದಾಟುವ ನಲವತ್ತೆರಡು ವರ್ಷದ ಗಂಡಸು, ಜೀಗುಜ್ಜೆ ಮರದ ಕೆಳಗೆ ಕೂತ ಸಿಪಾಯಿಗಳು ನಗದೇ ಇದ್ದಾಗಲೂ, ಅವರು ನಗುತ್ತಿಲ್ಲ ಎಂಬುದನ್ನು ಬೆನ್ನಿನಿಂದ ಕೇಳಿಸಿಕೊಳ್ಳುತ್ತ ನಡೆಯಬೇಕಾಗುತ್ತದೆ. ಈಗ ಸೈನ್ಯದ ಠಾಣೆಯಾಗಿರುವ ಇದು ಮೊದಲು ಕೊಬ್ಬರಿ ಗೋದಾಮು. ಗೋಡೆಗಳಿಗೆ ಇನ್ನೂ ಹಳೆ ಕೊಬ್ಬರಿಯ ಕಮಟು. ಚಿಕ್ಕವನಿದ್ದಾಗ ಅಪ್ಪನ ಹಿಂದೆ ಬಂದು ತಕ್ಕಡಿಯ ಮೇಲೆ ನಿಂತು ತೂಗಿಸಿಕೊಂಡು ಹೋಗಿದ್ದ. ಇಪ್ಪತ್ತೊಂದು ಕೇಜಿ ಎಂದಿದ್ದ ಅಂಗಡಿಯವನು, ಇವನನ್ನು ಒಣಗಿಸಿದರೆ ಹತ್ತೂ ಬರಲ್ಲ ಎಂದು.

ಹೆಸರು ಹೇಳುವುದು ಅವನ ಕಸುಬಿನ ಭಾಗ. ಮದುವೆ, ಶವಸಂಸ್ಕಾರ, ಮಗುವಿನ ತಲೆಗೆ ನೀರು ಹಾಕಿಸುವುದು, ಹೊಸ ದೋಣಿ ನೀರಿಗಿಳಿಯುವುದು, ದ್ವೀಪದ ಈ ದಂಡೆಯಲ್ಲಿ ಜನ ಸೇರಿದ ಕಡೆಯೆಲ್ಲ ನಫ್ತಾಲಿಯನ್ನು ಕರೆಯುತ್ತಾರೆ. ಚಿತ್ರ ಚೆನ್ನಾಗಿ ತೆಗೆಯುತ್ತಾನೆ ಎಂದಲ್ಲ, ಅವನ ಕೈ ಸ್ವಲ್ಪ ಅಲ್ಲಾಡುತ್ತದೆ; ಬಂದವರಲ್ಲಿ ಒಬ್ಬರನ್ನೂ ಬಿಡದೆ ಹೆಸರು ಹೇಳುತ್ತಾನೆ ಎಂದು. ಕಡಲಾಚೆಯ ಪಟ್ಟಣಗಳಾದ ಸೊರೊಂಗ್‌ನಲ್ಲೋ ಜಯಾಪುರದಲ್ಲೋ ದುಡಿಯುವ ಮಕ್ಕಳು ಇರುಳು ಹಾಸಿಗೆಯಲ್ಲಿ ಮಲಗಿ ಅದನ್ನು ನೋಡುವುದಕ್ಕಿಂತ ಕೇಳುತ್ತಾರೆ. ನಮ್ಮಮ್ಮ ಬಂದಿದ್ದಳು, ದೊಡ್ಡಪ್ಪ ಬಂದಿದ್ದರು. ಒಮ್ಮೆ ಒಂದು ಮದುವೆಯಲ್ಲಿ ವರನ ಸೋದರಮಾವನೊಬ್ಬನ ಹೆಸರು ಬಿಟ್ಟುಹೋಗಿ, ಆ ಮನುಷ್ಯ ಎರಡು ವರ್ಷ ನಫ್ತಾಲಿ ಕೂತ ಬೆಂಚಿನ ಮೇಲೆ ಕೂರಲಿಲ್ಲ. ಹೆಸರು ಹೇಳದಿದ್ದರೆ ಬಂದಿರಲಿಲ್ಲ ಎಂದೇ ಅರ್ಥ. ಹಾಗಿರುವಾಗ ನಿನ್ನೆ, ದೋಣಿ ಎಳೆದಿಡುವ ದಂಡೆಗೆ ಸೈನ್ಯ ಬೇಲಿ ಹಾಕುವುದು ಬೇಡ ಎಂದು ಊರಿನ ಒಂದಷ್ಟು ಜನ ರಸ್ತೆಯ ಮೇಲೆ ಚಾಪೆ ಹಾಸಿ ಕೂತು ಹಾಡುತ್ತಿದ್ದಾಗ, ಹೆಂಗಸರು ಕಾವಲು ನಿಂತ ಸಿಪಾಯಿಗಳಿಗೂ ಅಡಿಕೆ ಹಂಚುತ್ತಿದ್ದಾಗ (ಇಬ್ಬರು ತಗೊಂಡು ಜೇಬಿಗೆ ಹಾಕಿಕೊಂಡರು ಕೂಡ), ಇದು ಬೇರೆ ತರಹದ ಕೂಟ, ಇಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾಗಿತ್ತು. ಪಟ್ಟಣದಲ್ಲಿ ಓದಿದ ಹುಡುಗರಾದರೆ ಮುಖಗಳನ್ನು ಮಸುಕು ಮಾಡುತ್ತಾರಂತೆ. ಅವನು ಮುಖದ ಹತ್ತಿರ ಹೋಗಿ, ಬೆಳಕು ನೋಡಿ, ಹೆಸರು ಹೇಳಿ, ನಗಿಸಿ ಮುಂದೆ ಸಾಗಿದ್ದ.

"ಈಗ ಇಲ್ಲಿ ನೋಡಿ," ಕ್ಯಾಪ್ಟನ್ ಫೋನನ್ನು ಅವನ ಕಡೆ ತಿರುಗಿಸಿದ. "ಹದಿನಾಲ್ಕನೇ ನಿಮಿಷ."

ನೋಡಬೇಕಾದ ಅಗತ್ಯವಿರಲಿಲ್ಲ. ಓಲೆಯ ಟೋಪಿ ಹಾಕಿದ ಮುದುಕನೊಬ್ಬ ಚಾಪೆಗಳ ನಡುವಿನಿಂದ ಎದ್ದು, ಬೇಲಿಯ ಮೊದಲ ಕಂಬದ ಕಡೆ ನಡೆದು, ಅದರ ಬುಡದಲ್ಲಿ ಊರವರ ಪತ್ರವನ್ನು ಇಟ್ಟು, ಹಾರಿಹೋಗದಿರಲೆಂದು ಮೇಲೊಂದು ಕಲ್ಲಿಡುತ್ತಾನೆ. ಬೆನ್ನು ಮಾತ್ರ ಕಾಣುತ್ತದೆ, ಟೋಪಿ ಮಾತ್ರ. ಫೋನಿನ ದನಿ "ಇವರು…" ಎಂದು ಶುರುಮಾಡಿ ನಿಲ್ಲುತ್ತದೆ. ಚಿತ್ರ ಮೆಲ್ಲನೆ ಮುದುಕನನ್ನು ಬಿಟ್ಟು ಸಮುದ್ರದ ಕಡೆ ಹೊರಳಿ, ಬಹಳ ಹೊತ್ತು ಬರೀ ನೀರನ್ನೇ ನೋಡುತ್ತದೆ.

"ಎಲ್ಲರಿಗೂ ಹೆಸರಿದೆ. ಮೀನು ಮಾರೋಳಿಗೂ ಇದೆ. ಪತ್ರ ತಂದೋನಿಗೆ ಮಾತ್ರ ಇಲ್ಲ. ಇಲ್ಲಿ ಯಾಕೆ ಬಾಯಿ ಕಟ್ಟಿತು ಬಪಾ?"

"ಗೊತ್ತಿಲ್ಲ ಸರ್."

"ಯಾರು ಅಂತ ಗೊತ್ತಿಲ್ವೋ, ಯಾಕೆ ಅಂತ ಗೊತ್ತಿಲ್ವೋ?"

"ಯಾರು ಅಂತ. ಆಚೆ ಊರಿನವರು ಇರಬೇಕು."

ಹಾಗೆಂದ ಮೇಲೆ ನಫ್ತಾಲಿಯ ನಾಲಿಗೆಯ ಮೇಲೆ ಕಾಫಿ ಮಣ್ಣಾಯಿತು. ಅದು ಮಾವ. ಹೆಂಡತಿ ಸೆಲ್ಫಿನಾಳ ಅಪ್ಪ. ಅವರ ಹೆಸರು ಅವನು ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಹೇಳಿಲ್ಲ, ನಿದ್ದೆಯಲ್ಲಿಯೂ ಹೇಳಿರಲಾರ. ಹೆಣ್ಣು ಕೊಟ್ಟವರ ಹೆಸರು ಅಳಿಯನ ಬಾಯಲ್ಲಿ ಬರಬಾರದು. ಬೇರೆ ಯಾರಾದರೂ ಹೇಳಿ ಅದು ಕಿವಿಗೆ ಬಿದ್ದರೆ ತಲೆ ತಗ್ಗಿಸಬೇಕು. ಮದುವೆಯ ಮುಂಜಾನೆ ಅವ್ವ ಕುತ್ತಿಗೆಯ ಹಿಂದೆ ಕೈಯಿಟ್ಟು, ಹೀಗೆ, ಇಷ್ಟು ಎಂದು ಬಗ್ಗಿಸಿ ತೋರಿಸಿದ್ದಳು. ಈಗ ತೋರಿಸಬೇಕಾಗಿಲ್ಲ. ಸಭೆಯಲ್ಲಿ ಬಪಾ ಓಬಜ ಕಾಯಿಲೆಯವರ ಹೆಸರು ಓದಿ ಪ್ರಾರ್ಥನೆಗೆ ಕರೆಯುವಾಗ, ಮಾವನ ಕೆಮ್ಮು ಹೆಚ್ಚಿದ ತಿಂಗಳುಗಳಲ್ಲಿ, ಅವನ ತಲೆ ತನ್ನಿಂದ ತಾನೇ ಕೆಳಗಿಳಿಯುತ್ತದೆ, ಮತ್ತು ಪಕ್ಕದಲ್ಲಿ ಕೂತ ಮಗಳು ಅನ್ಸೆಲಾ ಕಿಸಕ್ಕೆಂದು ನಗುತ್ತಾಳೆ. ಪತ್ರ ಇಟ್ಟವರನ್ನು ಕಂಡಾಗ ಫೋನು ಹಿಡಿದ ಕೈಗೂ ಏನು ಮಾಡಬೇಕೆಂದು ತೋಚದೆ ಸಮುದ್ರದ ಕಡೆ ತಿರುಗಿತ್ತು, ಅಷ್ಟೇ. ಈ ಕಾರಣವನ್ನು ಕ್ಯಾಪ್ಟನ್ನನಿಗೆ ಹೇಳಿಬಿಟ್ಟರೆ ಹೆಸರು ಹೇಳಿದ ಹಾಗೇ. ಹೇಳದೆ ಉಳಿಯಲು ಗೊತ್ತಿಲ್ಲ ಎನ್ನಬೇಕು. ತಾನು ಯಾರ ಮನೆಯ ಒಲೆಯ ಮುಂದೆ ಉಣ್ಣುತ್ತಾನೋ ಅವರನ್ನೇ ಗೊತ್ತಿಲ್ಲ ಅಂದದ್ದಾಯಿತು. ಹೆಸರು ಹೇಳುವುದಕ್ಕಿಂತ ಇದು ದೊಡ್ಡ ಅಗೌರವವಲ್ಲವೆ? ಅವ್ವ ಅದಕ್ಕೆ ಯಾವ ಬಗ್ಗುವಿಕೆಯನ್ನೂ ಕಲಿಸಿರಲಿಲ್ಲ.

"ನಿಮಗೇನೂ ಆಗಲ್ಲ," ಎಂದ ಕ್ಯಾಪ್ಟನ್. "ಆ ಹನ್ನೊಂದು ಜನಕ್ಕೂ ಏನೂ ಆಗಲ್ಲ, ಸಹಿ ಹಾಕಿ ಹೋಗ್ತಾರೆ. ನನಗೆ ಒಬ್ಬ ಬೇಕು. ನಾಳೆ ಬೆಳಗಿನ ದೋಣಿಯಲ್ಲಿ ಪಟ್ಟಣಕ್ಕೆ ಒಬ್ಬನನ್ನ ಕಳಿಸಬೇಕು. ಮೇಲಿನೋರು ಕೇಳ್ತಾರೆ."

ಪಟ್ಟಣಕ್ಕೆ ಕಳಿಸಿದವರು ಮರಳಲು ಎರಡು ವರ್ಷ ಹಿಡಿದದ್ದುಂಟು. ಮಾವನ ಎದೆ ಎರಡು ವರ್ಷ ತಾಳುವಂಥದ್ದಲ್ಲ.

ಒಂಬತ್ತು ಗಂಟೆಯ ಹೊತ್ತಿಗೆ ಹನ್ನೊಂದು ಜನರನ್ನೂ ಕರೆತಂದು ಅಂಗಳದಲ್ಲಿ ಕೂರಿಸಿದರು. ಕಿಟಕಿಯ ಪಟ್ಟಿಗಳ ನಡುವಿನಿಂದ ನಫ್ತಾಲಿಗೆ ಅವರು ಸೀಳು ಸೀಳಾಗಿ ಕಾಣುತ್ತಿದ್ದರು: ಒಂದು ಸೀಳಿನಲ್ಲಿ ಓಬಜರ ಊದಿದ ಮಂಡಿ, ಇನ್ನೊಂದರಲ್ಲಿ ಯಾಕೊಮಿನಾಳ ಬುಟ್ಟಿ. ಮರದ ನೆರಳು ಸರಿದ ಹಾಗೆ ಅವರೂ ಕೂತಲ್ಲೇ ಸರಿಯುತ್ತಿದ್ದರು. ಅವರು ಒಳಗೆ ನೋಡಲಿಲ್ಲ. ನೋಡದೇ ಇರುವುದು ಸಿಟ್ಟೋ, ಅವನಿಗೆ ಮುಜುಗರವಾಗದಿರಲೆಂಬ ದಾಕ್ಷಿಣ್ಯವೋ? ನಾನು ಹೆಸರು ಹೇಳಿದ್ದಕ್ಕೆ ಇವರ ಬೆಳಗು ಹೋಯಿತು, ಮೀನು ಕೊಳೆಯಿತು. ನನ್ನ ಮನೆಯವರ ಹೆಸರನ್ನು ಮಾತ್ರ ಬಚ್ಚಿಟ್ಟುಕೊಂಡೆ. ಪದ್ಧತಿ ಎಂದು ಅವರಿಗೆ ಗೊತ್ತು, ನನಗೂ ಗೊತ್ತು. ಆದರೆ ಪದ್ಧತಿ ಇಷ್ಟು ಅನುಕೂಲಕ್ಕೆ ಬಂದಾಗ ಅದರ ಮುಖ ನೋಡಲು ನಾಚಿಕೆಯಾಗುತ್ತದೆ. ಒಬ್ಬೊಬ್ಬರೇ ಒಳಕೋಣೆಗೆ ಹೋಗಿ ಬಂದರು. ತಡಿಕೆಯ ಗೋಡೆ, ಮಾತೆಲ್ಲ ಕೇಳುತ್ತಿತ್ತು. ಟೋಪಿಯವನು ಯಾರು? ನನಗೆ ಕಣ್ಣು ಮಂಜು ಸರ್. ಟೋಪಿಯವನು ಯಾರು? ಯಾವ ಟೋಪಿ? ಟೋಪಿಯವನು ಯಾರು? ಆಚೆ ಊರಿನವನು ಇರಬೇಕು. ಹನ್ನೊಂದು ಬಾಯಿಗಳು ಹೇಳಲು ಅಡ್ಡಿಯೇ ಇಲ್ಲದ ಹೆಸರನ್ನು ಹೇಳದೆ ಹೊರಗೆ ಬಂದವು. ಇವತ್ತು ಅನ್ಸೆಲಾಳ ತಲೆ ಬಾಚಿದವರು ಯಾರು ಎಂದು ಅವನು ಯಾಕೋ ಆಗ ಯೋಚಿಸಿದ. ಸೆಲ್ಫಿನಾ ನಸುಕಿಗೇ ಸಂತೆಗೆ ಹೋಗುವುದರಿಂದ ದಿನವೂ ಬಾಚುವವನು ಅವನು. ಗುಂಗುರು ಕೂದಲು, ನೆತ್ತಿಯ ಹತ್ತಿರ ಹಿಡಿದುಕೊಂಡು ಬಾಚಿದರೆ ಮಾತ್ರ ನೋಯುವುದಿಲ್ಲ. ಅದು ಬೇರೆ ಯಾರಿಗೆ ಗೊತ್ತು?

ಸಹಿ ಹಾಕಿದವರೆಲ್ಲ ಹೋದ ಮೇಲೆ, ಮಾಮಾ ಓರ್ಪಾ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ಬಾಳೆಲೆಯ ಗಂಟೊಂದನ್ನು ಕಾವಲಿಗಿದ್ದ ಕೆಳದರ್ಜೆಯ ಸೈನಿಕ, ಕೊಪ್ರಲ್ ವಾಗಿಮನ್‌ನ ಕೈಗೆ ಕೊಟ್ಟು ನೇರ ಕಿಟಕಿಗೆ ಬಂದು ನಿಂತಳು.

"ಲೋ ನಫ್ತಾಲಿ."

"ಮಾಮಾ."

"ಹನ್ನೊಂದು ಜನ ಅಂತೆ. ನನ್ನ ಹೆಸರೆಲ್ಲೋ?"

ಅವನಿಗೆ ಅರ್ಥವಾಗಲಿಲ್ಲ.

"ಯಾಕೊಮಿನಾ ಪಕ್ಕದಲ್ಲೇ ಕೂತಿದ್ದೆ ನಾನು. ಬೆಳಗಿಂದ ಮಧ್ಯಾಹ್ನದ ತನಕ ಅಂಡು ಸುಟ್ಕೊಂಡು ಕೂತಿದ್ದೆ. ಅವಳ ಕೈ ವಾಸನೆ ಕೂಡ ಹೇಳಿದೀಯಂತೆ, ನನ್ನನ್ನ ದಾಟ್ಕೊಂಡು ಹೋಗಿದೀಯ. ಈಗ ಅವಳು ಬೀದಿ ತುಂಬ ಹೇಳ್ಕೊಂಡು ಬರ್ತಿದಾಳೆ, ಸೈನ್ಯದೋರು ನನ್ನ ಹೆಸರು ಬರ್ಕೊಂಡ್ರು, ಬರ್ಕೊಂಡ್ರು ಅಂತ. ನನ್ನ ಮಗ ಸೊರೊಂಗ್‌ನಲ್ಲಿ ಏನು ಅಂದ್ಕೋಬೇಕು? ಅವ್ವ ಮನೇಲಿ ಮಲಗಿದ್ಲು ಅಂತಲಾ?"

"ಬಿಟ್ಟುಹೋಯ್ತು ಮಾಮಾ. ಬಿಟ್ಟುಹೋಗಿದ್ದೇ ಒಳ್ಳೇದಾಯ್ತು."

"ಒಳ್ಳೇದು ಕೆಟ್ಟದ್ದು ನಿನ್ನನ್ನ ಯಾರು ಕೇಳಿದ್ರು? ಏಯ್, ದಪ್ಪ ಅಣ್ಣ," ಅವಳು ವಾಗಿಮನ್‌ನ ಕಡೆ ತಿರುಗಿದಳು. "ಬರ್ಕೊಳ್ಳಿ. ಓರ್ಪಾ. ಹನ್ನೆರಡನೇದು."

ವಾಗಿಮನ್ ಐವತ್ತು ದಾಟಿದವನು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಹಲ್ಲುನೋವಿಗೆ ದವಡೆಯಲ್ಲಿ ಲವಂಗ ಇಟ್ಟುಕೊಂಡು ಓಡಾಡುತ್ತಿದ್ದ. "ಪಟ್ಟಿ ಮುಗೀತು ತಾಯಿ," ಎಂದ ದವಡೆ ಹಿಡಿದುಕೊಂಡು. "ನಿಮ್ಮ ಊರಲ್ಲಿ ನನಗೆ ಹಲ್ಲು ಕಿತ್ತರೂ ಇಷ್ಟು ನೋಯ್ತಿರಲಿಲ್ಲ. ಮನೆಗೆ ಹೋಗಿ."

ಅವಳು ಹೋದಳು, ಬೈಯುತ್ತ. ಗಂಟಿನಲ್ಲಿ ಸುಟ್ಟ ಸಾಗೋ ಮರದ ಹಿಟ್ಟಿನ ರೊಟ್ಟಿ, ಮೀನಿನ ತಲೆ. ತಲೆಯನ್ನೇ ಇಟ್ಟಿದ್ದಳು, ಗೌರವದ ಭಾಗವನ್ನು. ನಫ್ತಾಲಿ ಒಂದೇ ಕೈಯಲ್ಲಿ ತಿಂದ.

ಊಟದ ನಂತರ ಕ್ಯಾಪ್ಟನ್ ಊರ ಮುಖ್ಯಸ್ಥನ ಕಚೇರಿಯಿಂದ ಮನೆಗಳ ಪಟ್ಟಿ ತಂದುಕೊಂಡು ಎದುರು ಕೂತ. "ನೀವು ಏನೂ ಹೇಳಬೇಡಿ ಬಪಾ. ಹೌದು ಅಂತಲೂ ಬೇಡ, ಅಲ್ಲ ಅಂತಲೂ ಬೇಡ. ನಾನು ಓದ್ತೀನಿ, ನೀವು ನನ್ನನ್ನ ನೋಡ್ತಾ ಕೂತಿರಿ. ನೆಲ ಅಲ್ಲ, ನನ್ನನ್ನ. ಹಾಂ."

ಸಭಾಮಂದಿರದ ಕಡೆಯಿಂದ ತೊರೆಯ ತನಕ ಮೂವತ್ತನಾಲ್ಕು ಮನೆ. ಮನೆಗೊಬ್ಬ ಯಜಮಾನ. ಮೊದಲನೆಯ ಹೆಸರು ಓದಿದಾಗಲೇ ನಫ್ತಾಲಿಗೆ ತಿಳಿಯಿತು. ಅವನು ದಿನವೂ ಆ ದಾರಿಯಲ್ಲಿ ನಡೆಯುವವನು. ಪ್ರತಿ ಮನೆಯ ಮೆಟ್ಟಿಲು ಎಷ್ಟು, ನಾಯಿ ಯಾವುದು ಎಂಬುದು ಅವನ ಕಾಲಿಗೆ ಗೊತ್ತು. ಹತ್ತೊಂಬತ್ತನೆಯದು ಮಾವನ ಮನೆ. ಇನ್ನು ಹದಿನೆಂಟು ಹೆಸರುಗಳ ಆಚೆ ಅದು ಬರುತ್ತಿದೆ, ಅವನು ತಲೆ ಎತ್ತಿಕೊಂಡೇ ಇರಬೇಕು. ಅಷ್ಟೇ ಕೆಲಸ. ಲೋಕದಲ್ಲಿ ಇದಕ್ಕಿಂತ ಸಣ್ಣ ಕೆಲಸ ಇಲ್ಲ. ಏನೂ ಮಾಡದೆ ಇರುವುದು. ಆರು. ಏಳು. ಕುತ್ತಿಗೆಯ ಹಿಂದಿನ ನರಗಳನ್ನು ಅವನು ಒಂದೊಂದಾಗಿ ಬಿಗಿದುಕೊಂಡ. ಒಂಬತ್ತು, ಓಬಜ. ಕ್ಯಾಪ್ಟನ್ನನ ಹುಬ್ಬುಗಳ ನಡುವಿನ ಸಣ್ಣ ಮಚ್ಚೆಯೊಂದರ ಮೇಲೆ ಕಣ್ಣಿಟ್ಟ. ಹದಿಮೂರನೆಯ ಮನೆಯಲ್ಲಿ ಈಗ ಯಾರೂ ಇಲ್ಲ, ಪಪ್ಪಾಯಿ ಗಿಡ ಚಾವಣಿಯನ್ನು ಮೀರಿ ಬೆಳೆದಿದೆ. ಹದಿನೈದು. ಇಷ್ಟು ವರ್ಷ ಸಭೆಯಲ್ಲಿ ತಲೆ ತಗ್ಗಿಸಿದಾಗ ನೆಲದ ಮೇಲೆ ಕಂಡ ಹಲಗೆಯ ಗಂಟು, ಇರುವೆಯ ಸಾಲು, ಮಗಳ ಬರಿಗಾಲು. ಬೇಡ, ಅದನ್ನು ನೆನೆಯಬಾರದು. ಹದಿನೇಳು. ಹದಿನೆಂಟಕ್ಕೆ "ನಫ್ತಾಲಿ," ಎಂದು ಓದಿದ ಕ್ಯಾಪ್ಟನ್, ಓದಿ ನಕ್ಕ. "ಇದು ನೀವೇ ಅಲ್ವಾ? ನಿಮ್ಮ ಹೆಸರು ನಿಮಗೆ ಗೊತ್ತಿದೆ ತಾನೆ?" ಅವನೂ ನಕ್ಕುಬಿಟ್ಟ, ಶಿಕ್ಷೆಯ ನಡುವೆ ಮೇಷ್ಟ್ರು ತಮಾಷೆ ಮಾಡಿದಾಗ ನಗುವ ಹುಡುಗನ ಹಾಗೆ, ಮತ್ತು ಆ ನಗುವಿನಲ್ಲಿ ಬಿಗಿದಿದ್ದದ್ದೆಲ್ಲ ಸಡಿಲವಾದ ಕ್ಷಣದಲ್ಲೇ ಕ್ಯಾಪ್ಟನ್ ಮುಂದಿನ ಹೆಸರನ್ನು ಓದಿದ. ಓದಿದ ರೀತಿ ತಪ್ಪಾಗಿತ್ತು, ಒತ್ತು ಬೇರೆ ಕಡೆ ಬಿದ್ದಿತ್ತು. ಆದರೂ ಅದು ಆ ಹೆಸರೇ.

ನಫ್ತಾಲಿಗೆ ಮೊದಲು ಕಂಡದ್ದು ತನ್ನ ಎಡಗೈ, ಪ್ಯಾಂಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡದ್ದು. ತನ್ನ ಕೈ ಯಾಕೆ ಕಾಣುತ್ತಿದೆ ಎಂದುಕೊಂಡ. ತಲೆ ತಗ್ಗಿತ್ತು. ಗದ್ದ ಎದೆಗೆ ತಾಗಿತ್ತು.

ಕ್ಯಾಪ್ಟನ್ ಇಪ್ಪತ್ತನೆಯದನ್ನು ಓದಲಿಲ್ಲ. ಹಾಳೆಗಳನ್ನು ಮೇಜಿನ ಮೇಲೆ ತಟ್ಟಿ ಸರಿಮಾಡಿಕೊಂಡು, "ಥ್ಯಾಂಕ್ಸ್ ಬಪಾ," ಎಂದು ನಿಜವಾದ ಮರ್ಯಾದೆಯಿಂದಲೇ ಹೇಳಿ ಎದ್ದುಹೋದ.

ಮುಂದಿನ ಒಂದು ಗಂಟೆ ಅವನು ಅದೇ ಕುರ್ಚಿಯಲ್ಲಿದ್ದ. ಎಲ್ಲ ಹೆಸರುಗಳಿಗೂ ತಲೆ ತಗ್ಗಿಸಿಬಿಡಬಹುದಿತ್ತಲ್ಲ, ಮೊದಲಿನಿಂದಲೇ, ಮೂವತ್ತನಾಲ್ಕಕ್ಕೂ? ಇಷ್ಟು ಸುಲಭದ ಉಪಾಯ ಯಾಕೆ ಬರಲಿಲ್ಲ? ಕೆಮ್ಮು ಬಂದಂತೆ ಮಾಡಬಹುದಿತ್ತು, ಲೋಟ ಬೀಳಿಸಬಹುದಿತ್ತು. ಅದು ತನ್ನಿಂದ ತಾನೇ ಆಯಿತು, ನನ್ನ ಕೈಯಲ್ಲಿರಲಿಲ್ಲ ಎಂದು ಸೆಲ್ಫಿನಾಳಿಗೆ ಹೇಳುವ ವಾಕ್ಯವನ್ನು ಒಳಗೇ ಕಟ್ಟಿ ನೋಡಿದ. ಕಟ್ಟುವಾಗಲೇ ಅದರೊಳಗೆ ಏನೋ ಅಲ್ಲಾಡಿತು. ಹದಿನೈದನೆಯ ಹೆಸರಿನ ಹೊತ್ತಿಗೆ, ಮಚ್ಚೆಯನ್ನು ನೋಡುತ್ತ ಕೂತಿದ್ದಾಗ, ಇದು ಬೇಗ ಮುಗಿದರೆ ಸಾಕು ಎಂದು ಅನ್ನಿಸಿರಲಿಲ್ಲವೆ? ಹೇಗಾದರೂ ಮುಗಿದು, ಬೆಲ್ಟು ಕಟ್ಟಿಕೊಂಡು, ಮಗಳ ತಲೆ ಬಾಚಲು ಮನೆಗೆ ಹೋದರೆ ಸಾಕು ಎಂದು? ತಲೆಯನ್ನು ತಗ್ಗಿಸಿದ್ದು ಅವ್ವನ ಕೈಯೋ ಆ ಆಸೆಯೋ? ಎರಡೂ ಒಂದೇ ಕುತ್ತಿಗೆಯಲ್ಲಿದ್ದವು. ಯಾವುದು ಮೊದಲು ಒತ್ತಿತೆಂದು ಈಗ ಯಾರನ್ನು ಕೇಳಬೇಕು?

ಮಾವ ಬಂದದ್ದು ಸಿಪಾಯಿಗಳಿಗಿಂತ ನಾಲ್ಕು ಹೆಜ್ಜೆ ಮುಂದಾಗಿ, ಅವರಿಗೇ ದಾರಿ ತೋರಿಸುವವರ ಹಾಗೆ. ಟೋಪಿ ಹಾಕಿಕೊಂಡೇ ಬಂದಿದ್ದರು. ಬೀಗ ಇದ್ದ ಕೋಣೆ ಒಂದೇ ಆದ್ದರಿಂದ ಇವನಿದ್ದಲ್ಲೇ ಬಿಟ್ಟರು. ಅವರು ಒಳಗೆ ಬಂದ ಕೂಡಲೆ ನಫ್ತಾಲಿ ಕುರ್ಚಿಯಿಂದಿಳಿದು ನೆಲದ ಮೇಲೆ, ಗೋಡೆಯ ಕಡೆ ಮುಖಮಾಡಿ ಕೂತ. ಮಾವ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಮಂಡಿಗಳು ಲಟಕ್ಕೆನ್ನುವ ಸದ್ದು. ಅವರೂ ನೆಲದ ಮೇಲೆ ಕೂತರು, ಎದುರಿನ ಗೋಡೆಯ ಕಡೆ ತಿರುಗಿ. ಬೆನ್ನಿಗೆ ಬೆನ್ನು, ನಡುವೆ ಒಂದು ಮೊಳ. ಕೆಮ್ಮು ಬಂತು, ಹೋಯಿತು. ಅಡಿಕೆ ಕಚ್ಚಿದ ಸದ್ದು.

ಮಾವ ಅಳಿಯ ಮುಖ ನೋಡಿ ನೇರ ಮಾತಾಡುವಂತಿಲ್ಲ; ಮನೆಯಲ್ಲಾದರೆ ಮಾತು ಅನ್ಸೆಲಾಳ ಮೇಲೆ ಸವಾರಿ ಮಾಡುತ್ತದೆ. ಅಪ್ಪಾ, ತಾತ ಬಲೆ ಒಣಗಿದೆಯಾ ಕೇಳ್ತಿದಾರೆ. ತಾತಾ, ಅಪ್ಪ ಇನ್ನೂ ಇಲ್ಲ ಅಂತ. ಒಮ್ಮೊಮ್ಮೆ ಮಾತು ಉದ್ದವಾದರೆ ಅವಳು ಅರ್ಧದಲ್ಲಿ ಬಿಟ್ಟು ಆಡಲು ಓಡುತ್ತಾಳೆ. ಅವಳು ಬಿಟ್ಟದ್ದನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಇಬ್ಬರಿಗೂ ಕೇಳಿಸಿರುತ್ತದೆ, ಆದರೆ ತಲುಪಿಸಿಲ್ಲದ್ದು ಆಡಿಲ್ಲದ್ದೇ.

"ಕೊಪ್ರಲ್ ಅವರೇ," ಎಂದರು ಮಾವ, ಗೋಡೆಗೆ. "ನನ್ನ ಹಿಂದೆ ಕೂತಿರೋರನ್ನ ಕೇಳಿ, ಊಟ ಆಯ್ತಾ ಅಂತ."

ಬಾಗಿಲಲ್ಲಿ ಕೂತಿದ್ದ ವಾಗಿಮನ್ ದವಡೆಯಿಂದ ಕೈ ತೆಗೆದ. "ನೀವೇ ಕೇಳಿ. ಕೈ ಚಾಚಿದ್ರೆ ಸಿಗ್ತಾರೆ."

"ಕೇಳೋ ಹಾಗಿದ್ರೆ ನಿಮಗ್ಯಾಕೆ ತೊಂದರೆ ಕೊಡ್ತಿದ್ದೆ?"

"ಜಗಳಾನಾ?"

"ಅಯ್ಯೋ, ಜಗಳ ಯಾಕೆ? ನನ್ನ ಅಳಿಯ."

ವಾಗಿಮನ್ ಒಬ್ಬರ ಬೆನ್ನನ್ನು ನೋಡಿದ, ಇನ್ನೊಬ್ಬರ ಬೆನ್ನನ್ನು ನೋಡಿದ. ಈ ದ್ವೀಪಕ್ಕೆ ಬಂದು ಮೂರು ವರ್ಷದಲ್ಲಿ ಏನೇನನ್ನೋ ಅರ್ಥವಾಗದೆ ಬಿಟ್ಟವನು, ಇದನ್ನೂ ಬಿಡಬಹುದಿತ್ತು. "ನಫ್ತಾಲಿ," ಎಂದ ಕೊನೆಗೆ. "ಊಟ ಆಯ್ತಾ ಅಂತೆ."

"ಆಯ್ತು ಅನ್ನಿ. ಮಾಮಾ ಓರ್ಪಾ ತಂದುಕೊಟ್ಟಳು. ಅವರ ಕೆಮ್ಮು ಹೇಗಿದೆ ಕೇಳಿ."

"ಕೆಮ್ಮು…"

"ಇದೆ ಅನ್ನಿ," ಎಂದರು ಮಾವ. "ಎಲ್ಲೂ ಹೋಗಿಲ್ಲ."

"ಕಿವಿಗೆ ಬಿತ್ತಲ್ಲ! ಮತ್ತೆ ನಾನ್ಯಾಕೆ ಮಧ್ಯೆ?"

"ಕಿವಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ. ನೀವು ಹೇಳಿದ್ದು ಲೆಕ್ಕ. ಹೇಳಿ, ಮಗು ಬೆಳಿಗ್ಗೆ ತಲೆ ಮುಟ್ಟಿಸಿಕೊಳ್ಳಲ್ಲ ಅಂತ ಹಟ ಮಾಡಿದ್ಲು. ನಾನೇ ಬಾಚಿದೆ. ಎರಡು ಜಡೆ ಒಂದೇ ಸಮ ಬರಲಿಲ್ಲ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ."

ವಾಗಿಮನ್ ಅದನ್ನೆಲ್ಲ ಹೇಳಿದ, ಕಿವಿಯ ಮೇಲೆ ಕೆಳಗೆ ಬೆರಳಿಟ್ಟು ತೋರಿಸಿ, ನೋಡುವವರು ಯಾರೂ ಇಲ್ಲದಿದ್ದರೂ. "ಅವರಿಗೆ ಹೇಳಿ," ಎಂದ ನಫ್ತಾಲಿ, ಗೋಡೆಯನ್ನು ನೋಡುತ್ತ. "ನಾನು ಹೆಸರು ಹೇಳಲಿಲ್ಲ. ಕ್ಯಾಪ್ಟನ್ ಪಟ್ಟಿ ಓದಿದ್ರು. ಅವರ ಹೆಸರು ಬಂದಾಗ ನನ್ನ ತಲೆ ತಗ್ಗಿಬಿಡ್ತು. ಅದನ್ನ ನೋಡಿ ಹಿಡಕೊಂಡು ಬಂದಿದಾರೆ. ನನ್ನಿಂದ ಬಂದಿದಾರೆ."

ವಾಗಿಮನ್ ಹೇಳಿದ. ಈ ಸಲ ನಿಧಾನವಾಗಿ, ಒಡೆಯುವ ಸಾಮಾನನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ.

ಹಿಂದೆ ಅಗಿಯುವ ಸದ್ದು ನಿಂತಿತು.

"ಕೇಳಿ," ಎಂದರು ಮಾವ. "ಎಷ್ಟು ತಗ್ಗಿಸಿದ ಅಂತ."

"ಎಷ್ಟು ಅಂದ್ರೆ?"

"ಎಷ್ಟು ಅಂದ್ರೆ ಎಷ್ಟು. ಸುಮ್ನೆ ಹೂಂ ಅನ್ನೋ ಹಾಗೋ, ಪೂರ್ತಿನೋ?"

"ಗದ್ದ ಎದೆಗೆ ತಾಗೋಷ್ಟು," ಎಂದ ನಫ್ತಾಲಿ.

"ಗದ್ದ ಎದೆಗೆ ತಾಗೋಷ್ಟಂತೆ."

"ಮದುವೆಯಾದ ಹೊಸತರಲ್ಲಿ ಇಷ್ಟು ತಗ್ಗಿಸ್ತಿರಲಿಲ್ಲ," ಎಂದರು ಮಾವ. ಅಗಿಯುವುದು ಮತ್ತೆ ಶುರುವಾಯಿತು. "ಬರೀ ಕಣ್ಣು ಕೆಳಗೆ ಮಾಡ್ತಿದ್ದ. ನನ್ನ ಹೆಂಡತಿ ಬದುಕಿದ್ದಾಗ ಹೇಳ್ತಿದ್ಲು, ಇವನ ಕುತ್ತಿಗೆ ಬಲಿತ ಬಿದಿರು ಅಂತ. ಅವಳು ನೋಡಬೇಕಿತ್ತು. ಹೇಳಿ, ಸಿಪಾಯಿಗಳ ಮುಂದೆ ನನ್ನ ಹೆಸರು ಬಂದಾಗ ನನ್ನ ಮಗಳ ಗಂಡ ತಲೆ ಎತ್ತಿಕೊಂಡು ಕೂತಿದ್ದ ಅಂತ ಗೊತ್ತಾಗಿದ್ರೆ, ನಾನು ಆ ದೋಣಿಯಲ್ಲಿ ಹೇಗೆ ಹೋಗ್ತಿದ್ದೆ?"

ವಾಗಿಮನ್ ಹೇಳಲು ಬಾಯಿ ತೆರೆದ, ದವಡೆ ಹಿಡಿದುಕೊಂಡ, ಆಮೇಲೆ ಹೇಳಿದ, ಒಂದು ಅಕ್ಷರವನ್ನೂ ಬಿಡದೆ.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅಷ್ಟು ದೊಡ್ಡದನ್ನು ಕೊಟ್ಟವರ ಬೆನ್ನ ಹಿಂದೆ ಚಿಕ್ಕದೊಂದನ್ನು ಬಚ್ಚಿಟ್ಟುಕೊಂಡು ಕೂರುವುದು ನಫ್ತಾಲಿಗೆ ಆಗಲಿಲ್ಲ. "ಇನ್ನೂ ಒಂದಿದೆ, ಹೇಳಿ," ಎಂದ. "ಅವರ ಹೆಸರು ಬರ್ತಾ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು. ತಡೆದುಕೊಳ್ಳೋಕೆ ಹೊತ್ತಿತ್ತು. ಎಲ್ಲಾ ಮುಗಿದ್ರೆ ಸಾಕು, ಮನೆಗೆ ಹೋಗ್ಬೇಕು ಅಂತ ಅನ್ನಿಸಿತ್ತು ನನಗೆ. ಅದರಿಂದಲೇ ತಗ್ಗಿತೋ ಏನೋ. ಗೊತ್ತಿಲ್ಲ. ಹೇಳಿ ಅವರಿಗೆ."

ವಾಗಿಮನ್ ಬಾಗಿಲ ಹೊರಗೆ ಅಂಗಳವನ್ನು ನೋಡುತ್ತ ಕೂತಿದ್ದ. ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ಹೇಳಲಿಲ್ಲ.

"ಕೊಪ್ರಲ್," ಎಂದ ನಫ್ತಾಲಿ.

"ನನಗೆ ಹಲ್ಲುನೋವು," ಎಂದ ವಾಗಿಮನ್.

ಮಾವನಿಂದ ಒಂದು ಉಸಿರೂ ಹೆಚ್ಚಿಗೆ ಬರಲಿಲ್ಲ. ಯಾರೂ ಏನೂ ಆಡಿಲ್ಲದ ಹಾಗೆ ಅವರು ಅಗಿದರು, ಅಗಿದದ್ದನ್ನು ಕಿಟಕಿಯಾಚೆ ಉಗಿದರು, ಟೋಪಿ ತೆಗೆದು ಪಕ್ಕಕ್ಕಿಟ್ಟರು. ಬಿಸಿಲು ಪಟ್ಟಿಗಳ ನಡುವಿನಿಂದ ಒಳಬಂದು ನೆಲದ ಮೇಲೆ ಉದ್ದವಾಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನಫ್ತಾಲಿಯ ಬೆನ್ನಿಗೆ ಏನೋ ತಾಗಿತು. ಮೊದಲು ಅಂಗಿಯ ಬಟ್ಟೆ, ಆಮೇಲೆ ಅದರೊಳಗಿನ ಭುಜದ ಎಲುಬು. ಆಮೇಲೆ ನಿಧಾನವಾಗಿ, ದಂಡೆಗೆ ಎಳೆದ ದೋಣಿ ಒಂದು ಬದಿಗೆ ವಾಲುವ ಹಾಗೆ, ಇಡೀ ಭಾರ. ನಿದ್ದೆ ಬಂದು ವಾಲಿದರೋ, ವಾಲಿ ನಿದ್ದೆ ಹೋದರೋ ತಿಳಿಯಲಿಲ್ಲ. ಹನ್ನೊಂದು ವರ್ಷದಲ್ಲಿ ಅವರ ಕೈ ಕೂಡ ಅವನಿಗೆ ತಾಗಿರಲಿಲ್ಲ. ಇಷ್ಟು ಹಗುರ ಎಂದು ಅವನಿಗೆ ಗೊತ್ತಿರಲಿಲ್ಲ. ಕೆಮ್ಮು ಮೇಲೆ ಬರುವ ಮೊದಲೇ ಬೆನ್ನಿಗೆ ತಿಳಿಯುತ್ತಿತ್ತು, ಎಲ್ಲೋ ಕೆಳಗೆ ಹುಟ್ಟಿ, ಎಲುಬಿನಿಂದ ಎಲುಬಿಗೆ ಹತ್ತುತ್ತ. ಆಗ ಅವನು ಉಸಿರು ಹಿಡಿದು ಬೆನ್ನನ್ನು ಗಟ್ಟಿ ಮಾಡುತ್ತಿದ್ದ.

ಕ್ಯಾಪ್ಟನ್ನನ ಜೀಪು ಹೊರಟ ಸದ್ದಾಯಿತು. ವಾಗಿಮನ್ ಎದ್ದುಹೋಗಿ, ಒಂದು ಕೈಯಲ್ಲಿ ಬೆಲ್ಟು, ಇನ್ನೊಂದರಲ್ಲಿ ಕಾಗದ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ.

"ನಿಮ್ಮದು ಮುಗೀತು. ಇಲ್ಲೊಂದು ಸಹಿ ಹಾಕಿ ಮನೆಗೆ ಹೋಗಬಹುದು. ಫೋನು ಮಾತ್ರ ಕೊಡಲ್ವಂತೆ."

ನಫ್ತಾಲಿ ಅಲುಗಲಿಲ್ಲ. ಎಡಗಾಲು ಜೋಮು ಹಿಡಿದು ಯಾವಾಗಲೋ ತನ್ನದಲ್ಲದ್ದಾಗಿತ್ತು. ತುಟಿ ಮಾತ್ರ ಅಲ್ಲಾಡುವಷ್ಟು ಸಣ್ಣ ದನಿಯಲ್ಲಿ, "ಸ್ವಲ್ಪ ತಾಳಿ," ಎಂದ. "ಈಗಷ್ಟೇ ನಿದ್ದೆ ಹತ್ತಿದೆ."

ವಾಗಿಮನ್ ಕಾಗದವನ್ನು ನೋಡಿದ, ಅಂಗಳವನ್ನು ನೋಡಿದ. ಆಮೇಲೆ ಬೆಲ್ಟನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತ.